ಕಾಶಿ ಕಣಗಿಲೆಯ ಎಲೆಯಲ್ಲಿ ಒಂದು ಕಿಣ್ವವನ್ನು ಅಳೆದ ಬಗೆ

ಕ್ಯಾನ್ಸರ್ ಚಿಕಿತ್ಸೆಗೆ ಬಳಸುವ ವಿನ್‌ಕ್ರಿಸ್ಟಿನ್ ಮತ್ತು ವಿನ್‌ಬ್ಲಾಸ್ಟಿನ್ ದೊರೆಯುವುದು ನಮ್ಮ ಅಂಗಳಗಳಲ್ಲಿ ವರ್ಷವಿಡೀ ಹೂ ಬಿಡುವ ಕಾಶಿ ಕಣಗಿಲೆಯಿಂದ. ಇವೆರಡೂ ಸೇರಿದಂತೆ ಈ ಗಿಡದ ಇಂಡೋಲ್ ಆಲ್ಕಲಾಯ್ಡ್‌ಗಳೆಂಬ ಸಾರಜನಕಯುಕ್ತ ರಾಸಾಯನಿಕಗಳಿಗೆಲ್ಲ ಮೂಲ ಸ್ಟ್ರಿಕ್ಟೊಸಿಡಿನ್ ಎಂಬ ಒಂದು ಅಣು. ಟ್ರಿಪ್ಟಮೀನ್ ಮತ್ತು ಸೆಕೊಲೊಗ್ಯಾನಿನ್ ಎಂಬ ಎರಡು ಸಣ್ಣ ಅಣುಗಳನ್ನು ಬೆಸೆದು ಅದನ್ನು ಕಟ್ಟುವುದು ಸ್ಟ್ರಿಕ್ಟೊಸಿಡಿನ್ ಸಿಂಥೇಸ್ ಎಂಬ ಕಿಣ್ವ. ಇದರ ಜೀನನ್ನು 1988ರಲ್ಲಿ ಮೊದಲು ಪಡೆದದ್ದು ಅದೇ ಕುಟುಂಬದ ಸರ್ಪಗಂಧದಿಂದ. ನನ್ನ ಸ್ನಾತಕೋತ್ತರ ಪ್ರಬಂಧಕ್ಕಾಗಿ ಎಲೆಗಳಲ್ಲಿ ಈ ಕಿಣ್ವದ ಚಟುವಟಿಕೆಯನ್ನು ಅಳೆಯಬೇಕಾಗಿತ್ತು.

ಬಲಿತ ಎಲೆಗಳನ್ನು ಬಿಟ್ಟು ಕುಡಿಯ ಮೊದಲ ಜೋಡಿ ಎಲೆಗಳನ್ನೇ ಆರಿಸಿಕೊಂಡೆ. ಈ ಕಿಣ್ವದ ಚಟುವಟಿಕೆ ಎಳೆಯ ಅಂಗಾಂಶದಲ್ಲೇ ಹೆಚ್ಚು. ದ್ರವ ಸಾರಜನಕದಲ್ಲಿ ಅರೆದ ಪುಡಿಯನ್ನು ಪಿಎಚ್ (ಆಮ್ಲೀಯತೆಯ ಅಳತೆ) ಬದಲಾಗದಂತೆ ಕಾಯುವ ತಣ್ಣನೆಯ ಬಫರ್ ದ್ರಾವಣಕ್ಕೆ ಹಾಕಿದಾಗ, ಎಲೆಯ ಫೀನಾಲುಗಳು ಉತ್ಕರ್ಷಣಗೊಂಡು ರಸ ಕಂದಾಗುತ್ತದೆ, ಪ್ರೋಟೀನುಗಳೂ ಕೆಡುತ್ತವೆ. ಅದನ್ನು ತಡೆಯಲು ಫೀನಾಲುಗಳನ್ನು ಹಿಡಿದಿಡುವ ಪಿವಿಪಿಪಿ ಮತ್ತು ಉತ್ಕರ್ಷಣವನ್ನು ತಡೆಯುವ ಡಿಟಿಟಿ ಸೇರಿಸಿದೆ. ಎಲೆಯಲ್ಲಿ ಮೊದಲೇ ಇರುವ ಸೆಕೊಲೊಗ್ಯಾನಿನ್‌ನಂಥ ಸಣ್ಣ ಅಣುಗಳು ಲೆಕ್ಕ ತಪ್ಪಿಸದಂತೆ ರಸವನ್ನು, ಅಣುಗಳನ್ನು ಗಾತ್ರದ ಮೇಲೆ ಬೇರ್ಪಡಿಸುವ ಸೆಫಡೆಕ್ಸ್ ಕಾಲಮ್ ಮೂಲಕ ಹಾಯಿಸಿದೆ.

ಆದರೂ ಹಲವು ವಾರ ಲೆಕ್ಕ ಕೂಡಿ ಬರಲಿಲ್ಲ. ಮಿಶ್ರಣದ ಅಣುಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಉಪಕರಣದಲ್ಲಿ ನೋಡಿದರೆ ಟ್ರಿಪ್ಟಮೀನ್ ಇಳಿಯುತ್ತ ಹೋಗುತ್ತಿತ್ತು, ಆದರೆ ಸ್ಟ್ರಿಕ್ಟೊಸಿಡಿನ್ ಮೊದಲ ಕೆಲವು ನಿಮಿಷ ಕಾಣಿಸಿಕೊಂಡು ಮತ್ತೆ ಕರಗಿಹೋಗುತ್ತಿತ್ತು. ಕುದಿಸಿದ ರಸದಲ್ಲಿ ಎರಡೂ ಆಗುತ್ತಿರಲಿಲ್ಲವಾದ್ದರಿಂದ, ಉತ್ಪನ್ನವನ್ನು ಒಡೆಯುತ್ತಿರುವುದೂ ಇನ್ನೊಂದು ಕಿಣ್ವವೇ ಎಂಬುದು ಸ್ಪಷ್ಟವಾಯಿತು. ಅದು ಸ್ಟ್ರಿಕ್ಟೊಸಿಡಿನ್‌ನ ಸಕ್ಕರೆಯನ್ನು ಕತ್ತರಿಸುವ ಗ್ಲುಕೊಸಿಡೇಸ್. ಜೀವಂತ ಕೋಶದಲ್ಲಿ ಸಿಂಥೇಸ್ ಇರುವುದು ರಸದಾನಿಯಲ್ಲಿ (ಕೋಶದೊಳಗಿನ ರಸ ತುಂಬಿದ ಚೀಲ), ಗ್ಲುಕೊಸಿಡೇಸ್ ಇರುವುದು ಕೋಶಕೇಂದ್ರದಲ್ಲಿ. ಹುಳು ಎಲೆಯನ್ನು ಅಗಿದಾಗ ಇವೆರಡನ್ನು ಬೇರ್ಪಡಿಸಿದ ಗೋಡೆಗಳು ಒಡೆದು, ಸ್ಟ್ರಿಕ್ಟೊಸಿಡಿನ್ ಗ್ಲುಕೊಸಿಡೇಸ್‌ನ ಕೈಗೆ ಸಿಕ್ಕಿ, ಪ್ರೋಟೀನುಗಳಿಗೆ ಅಂಟಿಕೊಂಡು ಅವನ್ನು ಕೆಡಿಸುವ ತೀಕ್ಷ್ಣ ಅಣು ಹುಟ್ಟುತ್ತದೆ. ಗಿಡದ ಈ ರಕ್ಷಣೆಯ ಏರ್ಪಾಡು ಇಂದಿಗೂ ನನ್ನನ್ನು ಬೆರಗುಗೊಳಿಸುತ್ತದೆ. ಎಲೆಯನ್ನು ಅರೆಯುವ ನಾನೂ ಹುಳುವಿನ ಕೆಲಸವನ್ನೇ ಮಾಡುತ್ತಿದ್ದೆ.

ಗ್ಲುಕೊಸಿಡೇಸನ್ನು ತಡೆಯಲು ಗ್ಲುಕೊನೊಲ್ಯಾಕ್ಟೋನನ್ನು 100 ಮಿಲಿಮೋಲಾರ್ ಪ್ರಮಾಣದಲ್ಲಿ ಬೆರೆಸಿದೆ. ಇದನ್ನು ಬಳಸುವವರು ಒಂದು ವಿಷಯವನ್ನು ಗಮನಿಸಬೇಕು: ಅದು ನೀರಿನಲ್ಲಿ ನಿಧಾನವಾಗಿ ಗ್ಲುಕೊನಿಕ್ ಆಮ್ಲವಾಗಿ ಬದಲಾಗುವುದರಿಂದ ದ್ರಾವಣದ ಪಿಎಚ್ ಇಳಿಯುತ್ತದೆ. ಹಾಗಾಗಿ ಫಾಸ್ಫೇಟ್ ಬಫರಿನ ಸಾಂದ್ರತೆಯನ್ನು ಹೆಚ್ಚಿಸಿ, ಪ್ರತಿ ಪ್ರಯೋಗಕ್ಕೂ ದ್ರಾವಣವನ್ನು ಹೊಸದಾಗಿ ತಯಾರಿಸಿ, ಆರಂಭದಲ್ಲೂ ಕೊನೆಯಲ್ಲೂ ಪಿಎಚ್ 6.8ರ ಆಸುಪಾಸಿನಲ್ಲೇ ಇದೆಯೆಂದು ಖಚಿತಪಡಿಸಿಕೊಂಡೆ. ಸೆಕೊಲೊಗ್ಯಾನಿನ್ ದುಬಾರಿಯಾದ್ದರಿಂದ ಮಿಶ್ರಣವನ್ನು 100 ಮೈಕ್ರೊಲೀಟರಿಗೆ ಇಳಿಸಿದೆ. ಆನಂತರ 30 ಡಿಗ್ರಿಯಲ್ಲಿ ನಡೆಸಿದ ಪ್ರಯೋಗಗಳಲ್ಲಿ, ಕಡಿಮೆಯಾದ ಟ್ರಿಪ್ಟಮೀನಿಗೂ ಹೆಚ್ಚಿದ ಸ್ಟ್ರಿಕ್ಟೊಸಿಡಿನ್‌ಗೂ ಮೊದಲ ಬಾರಿಗೆ ತಾಳೆಯಾಯಿತು.