ಒಂದೇ ಮುಖದ ನಾಣ್ಯವನ್ನು ಅಚ್ಚೊತ್ತುವ ಬಗೆ

ಮೊದಲು ತಗಡು. ಅಭ್ಯಾಸಕ್ಕೆ ಬೆಳ್ಳಿಯೇ ಬೇಕಿಲ್ಲ, 0.1 ಮಿ.ಮೀ. ದಪ್ಪದ ತಾಮ್ರ ಸಾಕು. ಮಂದವಾಗಿ ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಅದ್ದಿ. ಹದ ಮಾಡದ ತಗಡು ಅಚ್ಚಿನ ಅಂಚಿನಲ್ಲಿ ಸೀಳುತ್ತದೆ.

ತುಮಕೂರಿನ ಚಿಕ್ಕಪೇಟೆಯಲ್ಲಿ ನಾನು ಹರಕೆಯ ಬೆಳ್ಳಿ ಕಣ್ಣು, ಪಾದಗಳನ್ನು ಒತ್ತಿಕೊಡುವುದೂ ಇಂಥದೇ ತೆಳು ತಗಡಿನಲ್ಲಿ. ಹನ್ನೆರಡನೆಯ ಶತಮಾನದ ಸ್ವೀಡನ್, ನಾರ್ವೆಗಳಲ್ಲಿ ಈ ಕೈಕೆಲಸದಿಂದ ರಾಜರ ನಾಣ್ಯವೇ ಹುಟ್ಟುತ್ತಿತ್ತು ಎಂದು ತಿಳಿದಾಗಿನಿಂದ ನನಗೆ ಅದರದೇ ಗುಂಗು. ಹೀಗೆ ಒಂದೇ ಮುಖಕ್ಕೆ ಒತ್ತಿದ ಆ ತೆಳು ನಾಣ್ಯಕ್ಕೆ ಬ್ರಾಕ್ಟಿಯೇಟ್ ಎಂದು ಹೆಸರು.

ಅಚ್ಚಿಗೆ ಬೆರಳು ದಪ್ಪದ ಹಿತ್ತಾಳೆ ಸರಳು ತೆಗೆದುಕೊಳ್ಳಿ. ಅದರ ತುದಿಯನ್ನು ಅರದಿಂದ ಮಟ್ಟ ಮಾಡಿ, ಕಿರೀಟ ತೊಟ್ಟ ಮುಖವನ್ನೂ ಸುತ್ತ ಚುಕ್ಕಿಗಳ ಬಳೆಯನ್ನೂ ಕೊರೆಯಿರಿ. ಅಕ್ಷರವಿದ್ದರೆ ತಿರುಗುಮುರುಗು ಕೊರೆಯಬೇಕು. ಕಣ್ಣಿಗೆ ಒಂದು ಚುಕ್ಕಿ, ಮೂಗಿಗೆ ಒಂದು ಗೆರೆ ಸಾಕು. ಅಷ್ಟು ಚಿಕ್ಕ ಜಾಗದಲ್ಲಿ ಹೆಚ್ಚು ಗೆರೆ ತುಂಬಿದರೆ ಮುಖವೇ ಮಾಯವಾಗುತ್ತದೆ.

ಅಡಿಗಲ್ಲಿನ ಮೇಲೆ ದಪ್ಪ ಚರ್ಮ, ಅದರ ಮೇಲೆ ತಗಡು, ತಗಡಿನ ಮೇಲೆ ಅಚ್ಚು. ಸರಳನ್ನು ನೆಟ್ಟಗೆ ಹಿಡಿದು ಸುತ್ತಿಗೆಯಿಂದ ಒಂದೇ ಪೆಟ್ಟು ಕೊಡಿ. ಎರಡನೆಯ ಪೆಟ್ಟಿಗೆ ಅಚ್ಚು ಕೂದಲೆಳೆಯಷ್ಟು ಸರಿದರೂ ರಾಜನಿಗೆ ಎರಡು ಮೂಗು ಮೂಡುತ್ತವೆ. ಆಮೇಲೆ ಕತ್ತರಿಯಿಂದ ದುಂಡಗೆ ಕತ್ತರಿಸಿ. ಮುಂದೆ ಉಬ್ಬಿದ ಗೆರೆಯೆಲ್ಲ ಹಿಂದೆ ಹಳ್ಳವಾಗಿರುತ್ತದೆ.

ಸ್ವೀಡನ್, ನಾರ್ವೆಗಳ ಜನ ಮೊದಲು ಬೆಲೆಗೆ ಬೆಳ್ಳಿಯನ್ನು ತೂಗಿಯೇ ಕೊಡುತ್ತಿದ್ದರು. 1999ರಲ್ಲಿ ಸ್ವೀಡನ್ನಿನ ಗಾಟ್‌ಲ್ಯಾಂಡ್ ದ್ವೀಪದ ಸ್ಪಿಲ್ಲಿಂಗ್ಸ್‌ನಲ್ಲಿ ಸಿಕ್ಕ ಸುಮಾರು 67 ಕಿಲೋ ಬೆಳ್ಳಿಯಲ್ಲಿ ದಿರ್ಹಮ್ ಎಂಬ ಅರಬ್ಬಿ ಬೆಳ್ಳಿ ನಾಣ್ಯಗಳು ಸಾವಿರಾರು ಇದ್ದವು. ಸುಮಾರು 995ರಲ್ಲಿ ಸ್ವೀಡನ್ನಿನ ಓಲೋಫ್ ದೊರೆ ಸಿಗ್ಟೂನಾ ಪಟ್ಟಣದಲ್ಲಿ ಇಂಗ್ಲೆಂಡಿನ ಪೆನ್ನಿಯನ್ನು ನೋಡಿ ಎರಡು ಮುಖದ ನಾಣ್ಯ ಹೊಡೆಸಿದ. ನಾರ್ವೆಯ ಹೆರಾಲ್ಡ್ ಹಾರ್ಡ್‌ರಾಡಾ (1046–1066) ತನ್ನ ನಾಣ್ಯದ ಬೆಳ್ಳಿಯನ್ನು ಮೂರನೇ ಒಂದು ಪಾಲಿನ ಹತ್ತಿರಕ್ಕೆ ಇಳಿಸಿದ. ಅಲ್ಲಿಗೆ ನಾಣ್ಯದ ಬೆಲೆ ತಕ್ಕಡಿಯಿಂದ ರಾಜನ ಮಾತಿಗೆ ಬಂತು. ನಾರ್ವೆಯದೇ ಸ್ವೆರ್ರೆ ದೊರೆಯ (1177–1202) ಕಾಲದ ಕೆಲವು ಬ್ರಾಕ್ಟಿಯೇಟ್‌ಗಳು 0.1 ಗ್ರಾಂಗಿಂತಲೂ ಹಗುರ. ಇದನ್ನು ಕಳಪೆ ಕೆಲಸವೆನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಅಷ್ಟು ತೆಳುವಾದ ಬೆಳ್ಳಿಯನ್ನು ಹರಿಯದಂತೆ ಒತ್ತಲು ಪಳಗಿದ ಕೈಯೇ ಬೇಕು.

ಒತ್ತಿದ್ದನ್ನು ಪರ್ಸಿನಲ್ಲಿ ಇಡಬೇಡಿ, ಚಪ್ಪಟೆಯಾಗುತ್ತದೆ. ಹಿಂಬದಿಯಲ್ಲಿ ಸೂಜಿಯಿಂದ ‘ಮಾದರಿ’ ಎಂದು ಗೀರಿ, ಹತ್ತಿ ಹಾಸಿದ ಡಬ್ಬಿಯಲ್ಲಿಡಿ. ನಾಳೆ ಯಾರೂ ಅದನ್ನು ಹಳೆಯದೆಂದು ಮಾರುವಂತಾಗಬಾರದು.