ಸಣ್ಣ ಹೊಳೆಯ ಕೊರವ ಮೀನಿಗೆ ಯಾವ ಲೂರ್, ಯಾವ ಎಸೆತ

ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಮಾಡುವ ನನಗೆ ಭಾನುವಾರ ಮಾತ್ರ ಬಿಡುವು. ಮಂಡ್ಯದಿಂದ ನಸುಕಿನಲ್ಲೇ ಹೊರಟು, ಕರಿಘಟ್ಟದ ಬುಡದಲ್ಲಿ ಕಾವೇರಿ ಸೇರುವ ಲೋಕಪಾವನಿಯ ದಂಡೆ ಹಿಡಿದು ಮೇಲಕ್ಕೆ ನಡೆಯುತ್ತೇನೆ. ನಾನು ಗಾಳ ಹಾಕುವ ಕಡೆ ಬೇಸಿಗೆಯಲ್ಲಿ ಹೊಳೆ 25 ಅಡಿ ಅಗಲವೂ ಇರುವುದಿಲ್ಲ. ಇಷ್ಟು ಕಿರಿದಾದ ನೀರಿಗೆ ಲೂರ್, ಅಂದರೆ ಗಾಳಕ್ಕೆ ಕಟ್ಟುವ ನಕಲಿ ಎರೆ, ಆರಿಸುವಾಗ ಮೊದಲು ನೋಡಬೇಕಾದದ್ದು ಅದು ಬಿದ್ದಾಗ ಎಷ್ಟು ಸದ್ದಾಗುತ್ತದೆ ಎಂಬುದನ್ನು. ಬಣ್ಣದ ಮಾತು ಆಮೇಲೆ.

ಅಂಗಡಿಯಲ್ಲಿ ಸಿಗುವ ಲೂರ್‌ಗಳಲ್ಲಿ ಬಹಳಷ್ಟು ಅಮೆರಿಕದ ಬಾಸ್ ಮೀನಿಗೆಂದು ರೂಪುಗೊಂಡವು. ಅಲ್ಲಿನ ಸಣ್ಣ ನದಿಗಳ ಸ್ಮಾಲ್‌ಮೌತ್ ಬಾಸ್ ತಂಪಾದ ತಿಳಿನೀರಿನಲ್ಲಿ ಬಂಡೆಯ ಮರೆಗೆ ನಿಂತು, ಹರಿವಿನಲ್ಲಿ ಬರುವ ಸಣ್ಣ ಮೀನನ್ನೂ ತಳದಲ್ಲಿ ತೆವಳುವ, ಸೀಗಡಿಯಂಥ ಕ್ರೇಫಿಶ್‌ಗಳನ್ನೂ ತಿನ್ನುತ್ತದೆ. ತಳ ಮುಟ್ಟುವ ಜಿಗ್, ಮುಳುಗಿ ಓಡುವ ಕ್ರ್ಯಾಂಕ್‌ಬೇಟ್ ಅಲ್ಲಿಗೆ ಸರಿ. ನಮ್ಮ ಕೊರವ ನಿಂತ ನೀರನ್ನು ಹುಡುಕಿಕೊಂಡು ಹೋಗುವ ಮೀನು. ಜೊಂಡಿನ ಬುಡ, ಅಂತರಗಂಗೆಯ ಅಂಚು, ನೀರಿಗೆ ಬಾಗಿದ ಹೊಂಗೆಯ ನೆರಳು ಅದರ ಮನೆ. ಎಲ್ಲಕ್ಕಿಂತ ನನಗೆ ನಂಬಿಕೆ ಇರುವುದು ಗದ್ದೆಯ ಬಸಿಗಾಲುವೆ ಬಂದು ಹೊಳೆಗೆ ಬೀಳುವ ಮೂಲೆಯ ಮೇಲೆ. ಬಸಿನೀರಿನ ಜೊತೆ ಕಪ್ಪೆಗಳೂ ಇಳಿಯುತ್ತವೆ, ಕೊರವ ಅಲ್ಲಿ ಕಾದಿರುತ್ತದೆ. ಇಂಥ ಕಡೆ ಜಿಗ್ ಎಸೆದರೆ ಮೇಲೆ ಬರುವುದು ಪಾಚಿಯ ಮುದ್ದೆ.

ಹೋದ ತಕ್ಷಣ ರಾಡ್ ಬಿಚ್ಚಬೇಡಿ. ಕೊರವ ಗಾಳಿಯನ್ನೂ ಉಸಿರಾಡುವ ಮೀನು. ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಿ ಇಳಿಯುತ್ತದೆ. ‘ಗುಳಕ್’ ಎಂಬ ಸಣ್ಣ ಸದ್ದು, ಹಿಂದೆಯೇ ಎರಡು ಮೂರು ಗುಳ್ಳೆ. ಹತ್ತು ನಿಮಿಷ ಸುಮ್ಮನೆ ಕುಳಿತರೆ ಮೀನು ತಾನಿರುವ ಜಾಗವನ್ನು ತಾನೇ ಹೇಳುತ್ತದೆ. ಬಿದಿರು ಕಡ್ಡಿ, ಎರೆಹುಳು ಹಿಡಿದು ಬರುತ್ತಿದ್ದ ಹಿರಿಯರೊಬ್ಬರು ಮೊದಲ ದಿನವೇ ನನ್ನನ್ನು ತಡೆದು ಹೇಳಿದ್ದರು: “ನೀರಿನ ಮೇಲೆ ನಿನ್ನ ನೆರಳು ಬೀಳಿಸಬೇಡಪ್ಪ.” ಅಂದಿನಿಂದ ಬೆಳಿಗ್ಗೆ ಪಡುವಣ ದಂಡೆಗೆ ಹೋಗುತ್ತೇನೆ, ಬಿಸಿಲಿಗೆ ಮುಖ ಮಾಡಿ.

ನನ್ನ ಮೊದಲ ಆಯ್ಕೆ ಟೊಳ್ಳು ಮೈಯ ರಬ್ಬರ್ ಕಪ್ಪೆ. ಕೆರೆಗೆ 15–20 ಗ್ರಾಂ ತೂಕದ್ದು ಆದೀತು, ದೂರ ಹೋಗುತ್ತದೆ. ಸಣ್ಣ ಹೊಳೆಯಲ್ಲಿ ಅದು ಕಲ್ಲು ಬಿದ್ದಂತೆ ಬೀಳುತ್ತದೆ. ಇಲ್ಲಿಗೆ 7ರಿಂದ 10 ಗ್ರಾಂ, ಮೈ 4–5 ಸೆಂಟಿಮೀಟರ್ ಉದ್ದ ಸಾಕು. ಕೊಳ್ಳುವ ಮೊದಲು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಅದರ ಬೆನ್ನನ್ನು ಒತ್ತಿ ನೋಡಿ. ಮೈ ಕುಗ್ಗಿ ಎರಡೂ ಕೊಕ್ಕೆಗಳ ಮೊನೆ ಪೂರಾ ಹೊರಗೆ ಬರಬೇಕು. ಚೆಂದದ ಬಣ್ಣಕ್ಕೆ ಮರುಳಾಗಿ ಒಮ್ಮೆ ಗಟ್ಟಿ ಮೈಯದನ್ನು ತಂದೆ. ಒಂದೇ ಬೆಳಿಗ್ಗೆ ಮೂರು ಮೀನು ಕಚ್ಚಿದವು, ಮೂರೂ ಉಗುಳಿ ಹೋದವು. ಮೊನೆ ರಬ್ಬರಿನ ಒಳಗೇ ಉಳಿದಿತ್ತು. ಈಗ ಒಳ್ಳೆಯ ಕಪ್ಪೆಯ ಕೊಕ್ಕೆಯನ್ನೂ ಇಕ್ಕಳದಿಂದ ಕೂದಲೆಳೆಯಷ್ಟು ಮೇಲಕ್ಕೆ ಬಾಗಿಸಿಕೊಳ್ಳುತ್ತೇನೆ. ಕಪ್ಪೆ ತಲೆಕೆಳಗಾಗಿ ಬೀಳುತ್ತಿದ್ದರೆ ಕೊಕ್ಕೆಯ ಕಾಂಡಕ್ಕೆ, ಹೊಟ್ಟೆಯ ಕಡೆ, ತೆಳು ತಾಮ್ರದ ತಂತಿಯನ್ನು ಏಳೆಂಟು ಸುತ್ತು ಬಿಗಿಯಾಗಿ ಸುತ್ತಿ. ಮೋಟಾರಿನಿಂದ ಬಿಚ್ಚಿದ ಹಳೆಯ ತಂತಿಯೇ ಸಾಕು. ಬಕೆಟ್ ನೀರಿನಲ್ಲಿ ಬಿಟ್ಟು, ಹೊಟ್ಟೆ ಕೆಳಗಾಗಿ ನಿಲ್ಲುತ್ತದೆಯೇ ಎಂದು ಮನೆಯಲ್ಲೇ ನೋಡಿಕೊಳ್ಳಿ.

ಗುಳ್ಳೆ ಎದ್ದ ಜಾಗದ ಮೇಲೆಯೇ ಎಸೆಯಬಾರದು. ಅದರಾಚೆ ಮೂರು ನಾಲ್ಕು ಅಡಿಗೆ, ಸಾಧ್ಯವಾದರೆ ಎದುರು ದಂಡೆಯ ಹುಲ್ಲಿನ ಮೇಲೇ ಬೀಳಿಸಿ, ಅಲ್ಲಿಂದ ಮೆಲ್ಲಗೆ ಜಾರಿಸಿ ನೀರಿಗಿಳಿಸಿ. ನಿಜವಾದ ಕಪ್ಪೆ ಹೊಳೆಗೆ ಇಳಿಯುವುದೂ ಹೀಗೆಯೇ. ಒಂದು ಗೇಣು ಎಳೆದು ನಿಲ್ಲಿಸಿ, ಅಲೆ ಮಾಯುವವರೆಗೆ ಕಾದು ಮತ್ತೆ ಒಂದು ಗೇಣು. ಅಂತರಗಂಗೆಯ ಎಲೆಗಳ ನಡುವೆ ಕಿಂಡಿ ಕಂಡರೆ ಅಲ್ಲಿ ಇನ್ನೂ ಹೆಚ್ಚು ಹೊತ್ತು ನಿಲ್ಲಿಸಿ.

ಮೀನು ಕೈತಪ್ಪುವುದು ಇದರ ಮುಂದಿನ ಹಂತದಲ್ಲಿ. ಹೋದ ಮಾಗಿಯಲ್ಲಿ, ಬಸಿಗಾಲುವೆಯ ಬಾಯಲ್ಲಿ ನನ್ನ ಕಪ್ಪೆ ನಿಂತಿತ್ತು. ಹಿಂದಿನ ಒಂದು ಎಲೆ ಅಲುಗಿತು. ನೀರು ಬೆನ್ನಿನಂತೆ ಉಬ್ಬಿ, ಬಕೆಟ್ ಕವುಚಿದ ಸದ್ದಾಗಿ ಕಪ್ಪೆ ಕಾಣೆಯಾಯಿತು. ಕೈ ಆಗಲೇ ಎಳೆಯಲು ಹವಣಿಸುತ್ತದೆ. ಎಳೆದರೆ ಕಪ್ಪೆ ನಿಮ್ಮ ಮುಖಕ್ಕೇ ಬರುತ್ತದೆ. ರಾಡಿನ ತುದಿಯನ್ನು ಮೀನಿನ ಕಡೆಗೆ ತಗ್ಗಿಸಿ, ಸಡಿಲ ದಾರವನ್ನು ಸುತ್ತಿಕೊಳ್ಳುತ್ತಾ ‘ಒಂದು, ಎರಡು’ ಎಂದು ಎಣಿಸಿ. ದಾರದಲ್ಲಿ ಮೀನಿನ ಭಾರ ಕೈಗೆ ತಿಳಿದ ಮೇಲೆ ಬಲವಾಗಿ ಮೇಲಕ್ಕೆ ಸೆಳೆಯಿರಿ, ಮತ್ತೆ ಬಿಡುವು ಕೊಡಬೇಡಿ. ತಲೆ ತಿರುಗಿಸಲು ಬಿಟ್ಟರೆ ಅದು ಜೊಂಡಿನ ಬೇರಿಗೆ ಹೋಗಿ ಸೇರುತ್ತದೆ. ಅಂದು ಬಂದದ್ದು ಎರಡು ಕಿಲೋ ಮೇಲಿನದು, ಕೊರವದ ಜಾತಿಯದೇ ಆದ ಬೆಳ್ಳಿ ಚುಕ್ಕೆಯ ಹೂವಿನ ಮೀನು.

ಇದಕ್ಕಾಗಿಯೇ ದಾರ 30–40 ಪೌಂಡು ಎಳೆತ ತಾಳುವ ಹೆಣೆದ ದಾರವಾಗಿರಲಿ. ರಾಡ್ ಆರೂವರೆ ಅಡಿ ದಾಟಿದರೆ ಕೊಂಬೆಗಳ ಕೆಳಗೆ ಬೀಸಲಾಗದು.

ಪಾಚಿಯಿಲ್ಲದೆ ನೀರು ಮೆಲ್ಲಗೆ ಹರಿಯುವ ಕಡೆ ಕಪ್ಪೆ ಬಿಟ್ಟು, ಎಳೆದಾಗ ಗಿರಗಿರ ತಿರುಗುವ ತಗಡಿನ ಸ್ಪಿನ್ನರ್ ಕಟ್ಟುತ್ತೇನೆ, 5–7 ಗ್ರಾಂನದು. ಇದನ್ನು ಬಾಸ್ ಹಿಡಿಯುವವರಿಂದ ಧಾರಾಳವಾಗಿ ಕಲಿಯಬಹುದು: ಹರಿವಿಗೆ ಎದುರಾಗಿ ಓರೆಯಾಗಿ ಎಸೆದು, ತಗಡು ತಿರುಗುವಷ್ಟೇ ವೇಗದಲ್ಲಿ ಸುತ್ತಬೇಕು. ಮೂರು ಮೊನೆಯ ಕೊಕ್ಕೆ ತೆಗೆದು ಒಂದೇ ಮೊನೆಯದನ್ನು ಹಾಕಿ, ಮೊನೆಯ ಪಕ್ಕದ ಹಿಮ್ಮುಖ ಮುಳ್ಳನ್ನು ಇಕ್ಕಳದಿಂದ ಒತ್ತಿಬಿಡಿ. ಬಣ್ಣದ ವಿಚಾರ ಇಷ್ಟೇ: ತಿಳಿನೀರಿಗೆ ಹಸಿರು, ಕಂದು, ಮಳೆ ಬಂದು ನೀರು ಕಾಫಿ ಬಣ್ಣಕ್ಕೆ ತಿರುಗಿದಾಗ ಕಪ್ಪು.

ಮುಳ್ಳು ಒತ್ತಿರೆಂದದ್ದಕ್ಕೆ ಕಾರಣವಿದೆ. ಕಾವೇರಿ, ಕಬಿನಿಗಳ ಹತ್ತಿರ ಸ್ಪಿನ್ನರಿಗೆ ಬಿಳಿ ಮೀನಿನ ಮರಿ, ಅಂದರೆ ಮಹಶೀರ್, ಬೀಳಬಹುದು. 1946ರಲ್ಲಿ, ಬೇಟೆಯ ಪ್ರಾಣಿಗಳ ಚರ್ಮ ತುಂಬಿ ಮೂಲರೂಪ ಕೊಡುತ್ತಿದ್ದ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡು, ಸುಮಾರು 54 ಕಿಲೋ. ಕಾವೇರಿಯ ಆ ಡುಬ್ಬದ ಮಹಶೀರ್ 2018ರಿಂದ ತೀವ್ರ ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿದೆ. ಬಿದ್ದರೆ ನೀರಿನಲ್ಲೇ ಇಟ್ಟು ಬಿಡಿಸಿ, ಬಿಟ್ಟುಬಿಡಿ. ರಂಗನತಿಟ್ಟಿನಂಥ ಧಾಮಗಳ ಎಲ್ಲೆಯೊಳಗೆ ಗಾಳ ಹಾಕುವಂತಿಲ್ಲ. ಉಳಿದ ಕಡೆ ಮೀನು ಹಿಡಿಯುವ ಹಕ್ಕು ಯಾರದ್ದೆಂದು ಊರಿನವರನ್ನೂ ಮೀನುಗಾರಿಕೆ ಇಲಾಖೆಯನ್ನೂ ಮೊದಲೇ ಕೇಳಿ. ಶ್ರೀರಂಗಪಟ್ಟಣದ ಸುತ್ತ ಕಾವೇರಿಯಲ್ಲಿ ಮೊಸಳೆಗಳಿವೆ. ಸಿಕ್ಕಿಕೊಂಡ ಲೂರ್ ಬಿಡಿಸಲು ನೀರಿಗಿಳಿಯಬೇಡಿ, ದಾರ ಕತ್ತರಿಸಿ.

ಮಳೆಗಾಲದಲ್ಲಿ ಇನ್ನೊಂದನ್ನು ಗಮನಿಸಿ. ನೀರಿನ ಮೇಲೆ ಕಡಲೆ ಹುರಿದಂತೆ ಚಿಟಪಟ ಗುಳ್ಳೆ ಏಳುತ್ತಾ, ಕೆಂಪು ಕಿತ್ತಳೆ ಬಣ್ಣದ ಮರಿಗಳ ಗುಂಪೊಂದು ಚೆಂಡಿನಂತೆ ಸರಿಯುತ್ತಿರುತ್ತದೆ. ಅದರ ಕೆಳಗೆ ತಾಯಿ, ತಂದೆ ಕಾವಲಿರುತ್ತವೆ. ಆ ಗುಂಪಿನ ಮೇಲೆ ಕಪ್ಪೆ ಎಳೆದರೆ ಹಸಿವಿಲ್ಲದಿದ್ದರೂ ಕಚ್ಚುತ್ತವೆ, ಮರಿಗಳನ್ನು ಕಾಯಲು. ಇದರಷ್ಟು ಸುಲಭದ ಬೇಟೆ ಇನ್ನೊಂದಿಲ್ಲ. ಕಾವಲು ತಪ್ಪಿದ ಮರಿಗಳನ್ನು ಜಿಲೇಬಿ ಮೀನು, ಕೊಕ್ಕರೆಗಳು ಬೇಗನೆ ಮುಗಿಸುತ್ತವೆ. ಗುಂಪು ಕಂಡ ಮಡುವಿನ ದಂಡೆಯ ಗಿಡಕ್ಕೆ ನಾನು ಒಂದು ತುಂಡು ಕೆಂಪು ಬಟ್ಟೆ ಕಟ್ಟಿ ಬರುತ್ತೇನೆ. ಮರಿಗಳು ಬೆಳೆದು ಚದುರುವವರೆಗೆ ಆ ಮಡುವಿಗೆ ಎಸೆಯುವುದಿಲ್ಲ. ನನ್ನ ಜೊತೆ ಬರುವ ಹುಡುಗರೂ ಈಗ ಆ ಬಟ್ಟೆ ಕಂಡರೆ ದಾಟಿ ಮುಂದಕ್ಕೆ ನಡೆಯುತ್ತಾರೆ.