ಲೈಬ್ರರಿ ಪಿರಿಯಡ್‌ನಲ್ಲಿ ಮಳೆ ಅಳೆಯಿರಿ

ಲೈಬ್ರರಿಯಲ್ಲಿ ಮಕ್ಕಳ ಕೈಯಲ್ಲಿ ಏನಾದರೂ ಮಾಡಿಸಬೇಕು ಅಂತಿರುವ ಟೀಚರ್‌ಗಳೇ, ಮಳೆಮಾಪಕದಿಂದ ಶುರು ಮಾಡಿ. ಮೈ ನೇರವಾಗಿರುವ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ (ಇದನ್ನು ಮಾತ್ರ ನೀವೇ ಮಾಡಿ), ತಲೆಕೆಳಗಾಗಿ ಆಲಿಕೆಯಂತೆ ಕೂರಿಸಿ. ತಳ ಉಬ್ಬುತಗ್ಗು ಇರುತ್ತದಲ್ವಾ, ಅದಕ್ಕೆ ಒಂದಷ್ಟು ಕಲ್ಲು ಹಾಕಿ ಮುಳುಗುವಷ್ಟು ನೀರು ತುಂಬಿ. ಆ ಮಟ್ಟವೇ ಸೊನ್ನೆ. ಅಲ್ಲಿಂದ ಮೇಲಕ್ಕೆ ಹಳೇ ಸ್ಕೇಲ್ ಅಂಟಿಸಿ.

ಹವಾಮಾನ ಇಲಾಖೆ ದಿನದ ಮಳೆ ಲೆಕ್ಕ ಹಾಕುವುದು ಬೆಳಿಗ್ಗೆ 8:30ಕ್ಕೆ. ನೀವೂ ಅದೇ ಹೊತ್ತಿಗೆ ನೋಡಿ ಬರೆಸಿ, ಪೇಪರಿನ ಅಂಕಿಯ ಜೊತೆ ಹೋಲಿಸಿ. ನೀರನ್ನು ಮತ್ತೆ ಸೊನ್ನೆಗೆ ತರುವುದು ಮರೆಯಬೇಡಿ.

ನಮ್ಮದು ಮೊದಲ ವಾರ ವಿಪರೀತ ಜಾಸ್ತಿ ತೋರಿಸಿತು. ಯಾಕೆ ಅಂತ ಐದನೇ ಕ್ಲಾಸಿನವರು ಕಪಾಟಿನ ವಿಜ್ಞಾನದ ಪುಸ್ತಕಗಳನ್ನೆಲ್ಲ ಜಾಲಾಡಿದರು. ನೋಡಿದರೆ, ಬಾಟಲಿ ಇಟ್ಟಿದ್ದು ಸೂರಿನ ನೀರು ಸುರಿಯುವ ಜಾಗದಲ್ಲಿ! ಇಟ್ಟವಳು ನಾನೇ.